ಟಿವಿ ಬದಲು ಪ್ರೊಜೆಕ್ಟರ್: ಮೊದಲು ಕೋಣೆ, ಆಮೇಲೆ ಯಂತ್ರ

ಪ್ರೊಜೆಕ್ಟರ್ ಕೊಳ್ಳಬೇಕೆಂದಿರುವವರು ಮೊದಲು ಕೇಳುವುದು ಎಷ್ಟು ಲುಮೆನ್ (ಯಂತ್ರ ಹೊರಬಿಡುವ ಒಟ್ಟು ಬೆಳಕಿನ ಅಳತೆ) ಇರಬೇಕು ಅಂತ. ಅವರನ್ನು ನಾನು ಕೇಳುವುದು, ನಿಮ್ಮ ಕೋಣೆಯನ್ನು ಎಷ್ಟು ಕತ್ತಲೆ ಮಾಡಬಲ್ಲಿರಿ ಅಂತ. ಟಿವಿಗೆ ಕಪ್ಪು ಬೇಕಾದ ಕಡೆ ಗಾಜು ಕಪ್ಪಾಗಿಯೇ ಇರುತ್ತದೆ. ಪ್ರೊಜೆಕ್ಟರಿಗೆ ಆ ಸೌಲಭ್ಯವಿಲ್ಲ. ಅದು ಬಿಳಿ ಪರದೆಯ ಮೇಲೆ ಬೆಳಕು ಬಿಡುತ್ತದೆ, ಇಲ್ಲವೇ ಬಿಡುವುದಿಲ್ಲ, ಅಷ್ಟೇ. ಬೆಳಕು ಬೀಳದ ಜಾಗದಲ್ಲಿ ನಮಗೆ ಕಾಣುವ ‘ಕಪ್ಪು’ ಎಂದರೆ, ಆ ಹೊತ್ತಿನಲ್ಲಿ ಆ ಕೋಣೆಯಲ್ಲಿ ಆ ಬಿಳಿ ಪರದೆ ಹೇಗೆ ಕಾಣುತ್ತಿದೆಯೋ ಅದೇ.

ಇದನ್ನು ಲೆಕ್ಕ ಹಾಕಿ ನೋಡಿದ ಮೇಲೆಯೇ ನಾನು ಕೊಳ್ಳುವ ಕ್ರಮ ಬದಲಾಯಿತು. ನನ್ನದು 100 ಇಂಚಿನ ಪರದೆ. ಅಗಲ 2.21 ಮೀಟರ್, ಎತ್ತರ ಸುಮಾರು 1.25 ಮೀಟರ್, ಅಂದರೆ 2.76 ಚದರ ಮೀಟರ್. ಪ್ರೊಜೆಕ್ಟರಿನಿಂದ ನಿಜವಾಗಿ 1500 ಲುಮೆನ್ ಹೊರಬಂದರೆ ಪರದೆಯ ಪ್ರತಿ ಚದರ ಮೀಟರಿಗೆ ಸುಮಾರು 540 ಲುಮೆನ್, ಅಂದರೆ 540 ಲಕ್ಸ್, ಬೀಳುತ್ತದೆ. ಮಾಮೂಲಿ ಬಿಳಿ ಪರದೆ ಬೆಳಕನ್ನು ಎಲ್ಲ ಕಡೆಗೂ ಚೆಲ್ಲುವುದರಿಂದ, ಅದನ್ನು 3.14ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಹೊಳಪು, ಸುಮಾರು 170 ನಿಟ್ಸ್. ಚಿತ್ರಮಂದಿರದ ಪರದೆಗೆ ಇರುವ ಮಾನದಂಡವೇ 48 ನಿಟ್ಸ್, ಹಾಗಾಗಿ ಇದು ಧಾರಾಳ. ಆದರೆ ಹಗಲಲ್ಲಿ ಕರ್ಟನ್ ತೆರೆದಿದ್ದಾಗ ಪರದೆಯ ಮೇಲೆ ಹೊರಗಿನ ಬೆಳಕೇ 150 ಲಕ್ಸ್ ಬೀಳುತ್ತಿದೆ ಅಂದುಕೊಳ್ಳಿ. ಆಗ ನಿಮ್ಮ ಕಪ್ಪೇ 48 ನಿಟ್ಸ್! ಬಿಳಿ 220 ಆಗುತ್ತದೆ. ಬಿಳಿಗೂ ಕಪ್ಪಿಗೂ ಐದು ಪಟ್ಟಿನಷ್ಟೂ ವ್ಯತ್ಯಾಸ ಉಳಿಯುವುದಿಲ್ಲ. ಹಣ ಸುರಿದು ಎರಡರಷ್ಟು ಲುಮೆನ್ ಇರುವ ಯಂತ್ರ ತಂದಿರಿ ಅನ್ನಿ, ವ್ಯತ್ಯಾಸ ಎಂಟು ಪಟ್ಟು ಚಿಲ್ಲರೆ ಆಗುತ್ತದೆ. ಅದೇ ಹಳೇ 1500 ಲುಮೆನ್ ಇಟ್ಟುಕೊಂಡು ಹೊರಗಿನ ಬೆಳಕನ್ನು 1 ಲಕ್ಸಿಗೆ ಇಳಿಸಿದರೆ ಅದು ನೂರಾರು ಪಟ್ಟಿಗೆ ಏರುತ್ತದೆ. ಹಾಗಾಗಿ ಬ್ಲ್ಯಾಕೌಟ್ ಕರ್ಟನ್ನಿಗೆ ಹಾಕುವ ಹಣದಷ್ಟು ಚಿತ್ರದ ಗುಣಮಟ್ಟ ಹೆಚ್ಚಿಸುವ ಬೇರೆ ಖರ್ಚನ್ನು ನಾನು ಇನ್ನೂ ಕಂಡಿಲ್ಲ.

ಪ್ರೊಜೆಕ್ಟರ್ ಬರುವ ಮೊದಲೇ ಕರ್ಟನ್ ಬಂತು. ಬಟ್ಟೆ ದಪ್ಪ ಇದ್ದರೆ ಸಾಲದು, ಕಿಟಕಿಯ ಚೌಕಟ್ಟಿಗಿಂತ ಎರಡೂ ಬದಿ ಒಂದು ಗೇಣು ಅಗಲವಾಗಿರಬೇಕು, ರಾಡ್ ಗೋಡೆಗೆ ಆದಷ್ಟು ಹತ್ತಿರ ಇರಬೇಕು. ಮೇಲ್ಗಡೆಯ ಸಂದಿಯಿಂದ ನುಗ್ಗುವ ಬೆಳಕು ನೇರ ಚಾವಣಿಗೆ ಬಿದ್ದು ಅಲ್ಲಿಂದ ಇಡೀ ಕೋಣೆಗೆ ಹರಡುತ್ತದೆ. ಫೋನಿನ ಲಕ್ಸ್ ಮೀಟರ್ ಆ್ಯಪನ್ನು ಪರದೆ ಬರುವ ಗೋಡೆಗೆ ಒರಗಿಸಿ, ಮುಖ ಕೋಣೆಯ ಕಡೆ ಮಾಡಿ, ಮಧ್ಯಾಹ್ನ ಒಮ್ಮೆ ಸಂಜೆ ಒಮ್ಮೆ ನೋಡಿ. ಆ್ಯಪ್ ಕೊಡುವುದು ಅಂದಾಜು ಲೆಕ್ಕ, ಆದರೆ 150ಕ್ಕೂ 2ಕ್ಕೂ ಇರುವ ಅಂತರ ತಿಳಿಯಲು ಅದು ಸಾಕು.

ಕತ್ತಲಾದ ಮೇಲೂ ಇನ್ನೊಂದು ಶತ್ರು ಇದೆ: ಪರದೆಯದೇ ಬೆಳಕು. ಬಿಳಿ ಚಾವಣಿ, ತಿಳಿ ಬಣ್ಣದ ಗೋಡೆಗಳಿಗೆ ಅದು ಬಡಿದು ವಾಪಸ್ ಪರದೆಗೇ ಬಂದು ಕಪ್ಪನ್ನು ಬೂದು ಮಾಡುತ್ತದೆ. ಪರದೆಯ ಹಿಂದಿನ ಗೋಡೆ, ಪರದೆ ಕಡೆಯ ಒಂದೂವರೆ ಮೀಟರ್ ಚಾವಣಿ ಮತ್ತು ಅಷ್ಟೇ ದೂರದ ಪಕ್ಕದ ಗೋಡೆಗಳಿಗೆ ಹೊಳಪಿಲ್ಲದ ಗಾಢ ಬೂದು ಬಣ್ಣ ಹೊಡೆಸಿದೆ. ‘ಮನೆಯೊಳಗೆ ಗವಿ ಮಾಡ್ತೀಯೇನೋ’ ಎಂದು ಅಮ್ಮ ಬೇಸರಪಟ್ಟರು. ಬಣ್ಣ ಒಣಗಿದ ಮೇಲೆ ಒಂದು ರಾತ್ರಿಯ ದೃಶ್ಯ ಹಾಕಿದಾಗ, ಕತ್ತಲಲ್ಲಿ ನಿಂತ ಮನುಷ್ಯನ ಕಪ್ಪು ಕೋಟು ಹಿಂದಿನ ಕತ್ತಲಿನಿಂದ ಬೇರೆಯಾಗಿ ಕಂಡಿತು. ಅದಕ್ಕೂ ಮೊದಲು ಅವೆರಡೂ ಒಂದೇ ಬೂದಿಯ ರಾಶಿ. ಬಣ್ಣ ಹೊಡೆಸಲು ಆಗದವರು ಪರದೆಯ ಅಕ್ಕಪಕ್ಕ ಕಡುಬಣ್ಣದ ದಪ್ಪ ಕರ್ಟನ್ ಬಟ್ಟೆ ಇಳಿಬಿಟ್ಟರೂ ಅರ್ಧ ಕೆಲಸ ಆಗುತ್ತದೆ.

ಇನ್ನು ಅಳತೆ. ಪ್ರೊಜೆಕ್ಟರಿನ ವಿವರಪಟ್ಟಿಯಲ್ಲಿ ನಾನು ಮೊದಲು ಹುಡುಕುವುದು ಥ್ರೋ ರೇಶಿಯೋ. ಲೆನ್ಸಿನಿಂದ ಪರದೆಗಿರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಸಿಗುವ ಸಂಖ್ಯೆ ಅದು. ನನ್ನ ಹಿಂಗೋಡೆಯ ಶೆಲ್ಫಿನ ಮೇಲೆ ಯಂತ್ರ ಇಟ್ಟರೆ ಲೆನ್ಸಿನಿಂದ ಪರದೆಗೆ 3.5 ಮೀಟರ್. ಅದನ್ನು 2.21ರಿಂದ ಭಾಗಿಸಿದರೆ 1.58. ಜೂಮ್ ವ್ಯಾಪ್ತಿಯೊಳಗೆ ಈ ಸಂಖ್ಯೆ ಬಾರದ ಮಾದರಿಗಳೆಲ್ಲ, ಎಷ್ಟೇ ಹೊಗಳಿಕೆ ಇದ್ದರೂ, ಪಟ್ಟಿಯಿಂದ ಹೊರಬಿದ್ದವು. ದೂರ ಅಳೆಯುವಾಗ ಯಂತ್ರದ ಉದ್ದ, ಹಿಂದೆ ಕೇಬಲ್ ಬಾಗಲು ಬೇಕಾದ ಜಾಗ, ಬಿಸಿಗಾಳಿ ಹೋಗಲು ಬೇಕಾದ ಜಾಗ ಮೂರನ್ನೂ ಕಳೆಯಬೇಕು.

ಪರದೆಯ ಗಾತ್ರವನ್ನು ಕಾಗದದ ಮೇಲೆ ತೀರ್ಮಾನಿಸಬೇಡಿ. ಗೋಡೆಯ ಮೇಲೆ ಮಾಸ್ಕಿಂಗ್ ಟೇಪಿನಲ್ಲಿ 100 ಇಂಚಿನ ಚೌಕಟ್ಟು, ಅದರ ಹೊರಗೆ 120 ಇಂಚಿನದು ಅಂಟಿಸಿ, ನೀವು ಕೂರುವ ಜಾಗದಲ್ಲೇ ಕೂತು ಕೆಲವು ದಿನ ನೋಡಿ. ನಾವು ಕೂರುವುದು 3.2 ಮೀಟರ್ ದೂರದಲ್ಲಿ. ಅಲ್ಲಿಂದ 100 ಇಂಚಿನ ಪರದೆ ಸುಮಾರು 38 ಡಿಗ್ರಿ ಕೋನ ತುಂಬುತ್ತದೆ. ಸಿನಿಮಾಕ್ಕೆ ಕನಿಷ್ಠ 30, ಚೆನ್ನಾಗಿ ಮುಳುಗಿ ನೋಡಲು 40 ಡಿಗ್ರಿ ಎಂಬ ಶಿಫಾರಸುಗಳ ನಡುವೆ ಇದು ಆರಾಮಾಗಿ ಕೂರುತ್ತದೆ. 120 ಇಂಚಿಗೆ ಹೋದರೆ ವಿಸ್ತೀರ್ಣ 1.44 ಪಟ್ಟಾಗಿ ಅದೇ ಬೆಳಕು ತೆಳುವಾಗಿ ಹರಡುತ್ತದೆ, ಹೊಳಪಿನಲ್ಲಿ ಸುಮಾರು ಶೇ. 30ರಷ್ಟು ಕಳೆದುಕೊಳ್ಳುತ್ತೇವೆ. ಕೆಳ ಅಂಚು ಕೂತವರ ಕಣ್ಣಿನ ಮಟ್ಟಕ್ಕಿಂತ ಸಾಕಷ್ಟು ಕೆಳಗೇ ಇರಲಿ. ಮೂರು ಗಂಟೆ ಕತ್ತೆತ್ತಿ ಸಿನಿಮಾ ನೋಡುವ ಶಿಕ್ಷೆ ಯಾರಿಗೂ ಬೇಡ.

ಲುಮೆನ್ ಸಂಖ್ಯೆಯ ಬಗ್ಗೆ ಒಂದು ಮಾತು. ಆನ್ಸಿ ಲುಮೆನ್ ಅಥವಾ ಐಎಸ್‌ಒ ಲುಮೆನ್ (ನಿಗದಿತ ಮಾನದಂಡದಂತೆ ಅಳೆದದ್ದು) ಅಂತ ಬರೆದಿದ್ದರೆ ಮಾತ್ರ ಅದನ್ನು ಒಂದಕ್ಕೊಂದು ಹೋಲಿಸಿ. ಬರೀ ‘ಎಲ್‌ಇಡಿ ಲುಮೆನ್’, ‘ಲೈಟ್ ಸೋರ್ಸ್ ಲುಮೆನ್’ ಎಂದು ದೊಡ್ಡ ಅಂಕಿ ಬರೆದಿದ್ದರೆ ಅದು ಪರದೆಗೆ ತಲುಪುವ ಬೆಳಕಿನ ಲೆಕ್ಕವಲ್ಲ. ಸರಿಯಾದ ಅಂಕಿಯೂ ಅತಿ ಪ್ರಖರ ಮೋಡಿನದು, ಆ ಮೋಡಿನಲ್ಲಿ ಸಾಮಾನ್ಯವಾಗಿ ಮನುಷ್ಯರ ಮುಖಕ್ಕೆ ಹಸಿರು ಛಾಯೆ ಬರುತ್ತದೆ. ಬಣ್ಣ ಸರಿಯಾಗಿರುವ ಸಿನಿಮಾ ಮೋಡಿಗೆ ಬಂದಾಗ ಬೆಳಕು ಗಣನೀಯವಾಗಿ ಇಳಿಯುತ್ತದೆ. ನಾನು 1500 ಎಂದು ಲೆಕ್ಕ ಹಾಕಿದ್ದು 2500 ಎಂದು ಬರೆದಿದ್ದ ಯಂತ್ರಕ್ಕೆ. ‘4ಕೆ ಸಪೋರ್ಟ್’ ಎಂಬುದೂ ಹಾಗೆಯೇ. ಅದು 4ಕೆ ಸಿಗ್ನಲ್ ಒಳಗೆ ತೆಗೆದುಕೊಳ್ಳುತ್ತದೆ ಎಂದಷ್ಟೇ ಅರ್ಥ, ಹೊರಬರುವುದು ಎಷ್ಟು ಎಂದು ತಿಳಿಯಲು ‘ನೇಟಿವ್ ರೆಸಲ್ಯೂಶನ್’ ಸಾಲು ನೋಡಬೇಕು.

ತಂತ್ರಜ್ಞಾನದ ಆಯ್ಕೆ ನಮ್ಮ ಮನೆಯಲ್ಲಿ ತಂಗಿಯ ಕಣ್ಣಿನಿಂದ ಆಯಿತು. ಡಿಎಲ್‌ಪಿ ಪ್ರೊಜೆಕ್ಟರಿನ ಹೃದಯ ಡಿಎಂಡಿ ಎಂಬ ಚಿಪ್, 1987ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನ ಲ್ಯಾರಿ ಹಾರ್ನ್‌ಬೆಕ್ ರೂಪಿಸಿದ್ದು. ಅದರ ಮೇಲೆ ಲಕ್ಷಾಂತರ ಪುಟಾಣಿ ಕನ್ನಡಿಗಳಿವೆ, ಒಂದೊಂದೂ ಓಲಾಡಿ ಬೆಳಕನ್ನು ಲೆನ್ಸಿನ ಕಡೆಗೋ ಬೇರೆ ಕಡೆಗೋ ತಿರುಗಿಸುತ್ತದೆ. ಮನೆಗೆ ತರುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಇಂಥ ಚಿಪ್ ಒಂದೇ, ಹಾಗಾಗಿ ಕೆಂಪು, ಹಸಿರು, ನೀಲಿ ಒಂದಾದ ಮೇಲೊಂದು ಬರುತ್ತವೆ, ಮಿದುಳು ಕೂಡಿಸಿಕೊಳ್ಳುತ್ತದೆ. ಅಂಗಡಿಯಲ್ಲಿ ಕಪ್ಪು ಹಿನ್ನೆಲೆಯ ಬಿಳಿ ಅಕ್ಷರಗಳು ಬರುವಾಗ ಎಡದಿಂದ ಬಲಕ್ಕೆ ಬೇಗ ಕಣ್ಣು ಹಾಯಿಸಲು ಇಬ್ಬರೂ ಪ್ರಯತ್ನಿಸಿದೆವು. ನನಗೆ ಏನೂ ಕಾಣಲಿಲ್ಲ. ‘ಅಣ್ಣ, ಅಕ್ಷರದ ಪಕ್ಕದಲ್ಲೇ ಕೆಂಪು, ಹಸಿರು ಮಿಂಚ್ತಿದೆಯಲ್ಲ, ನಿಂಗೆ ಕಾಣ್ತಿಲ್ವಾ?’ ಅಂದಳು. ಕಾಮನಬಿಲ್ಲಿನಂಥ ಈ ಮಿಂಚು ಕೆಲವರಿಗೆ ಕಾಣುತ್ತದೆ, ಕೆಲವರಿಗೆ ಇಲ್ಲ. ಒಮ್ಮೆ ಕಂಡವರಿಗೆ ಕಾಣುತ್ತಲೇ ಇರುತ್ತದೆ. ಅದಕ್ಕೇ ಕೊಳ್ಳುವ ಮುಂಚೆ ಮನೆಯವರನ್ನೆಲ್ಲ ಕರೆದೊಯ್ದು ತೋರಿಸಿ. ನಾವು ಮೂರು ಪ್ಯಾನೆಲ್ ಇರುವ 3ಎಲ್‌ಸಿಡಿ ಯಂತ್ರ ತಂದೆವು. ಮೂರು ಬಣ್ಣವೂ ಒಟ್ಟಿಗೇ ಬರುವುದರಿಂದ ಆ ಮಿಂಚಿನ ಪ್ರಶ್ನೆಯೇ ಇಲ್ಲ. ಕಪ್ಪಿನ ವಿಷಯದಲ್ಲಿ ಇವೆರಡಕ್ಕಿಂತ ಎಲ್‌ಸಿಓಎಸ್ (ಬೆಳಕನ್ನು ಪ್ರತಿಫಲಿಸುವ ಎಲ್‌ಸಿಡಿ ಚಿಪ್) ಯಂತ್ರಗಳು, ಅಂದರೆ ಜೆವಿಸಿ, ಸೋನಿ ಮಾಡುವಂಥವು, ಬಹಳ ಮುಂದೆ. ಬೆಲೆಯೂ ಅಷ್ಟೇ ಮುಂದೆ.

ಕೀಸ್ಟೋನ್ ಬಳಸಬೇಡಿ ಎಂದು ಗಟ್ಟಿಯಾಗಿ ಹೇಳುತ್ತೇನೆ. ಯಂತ್ರವನ್ನು ಓರೆ ಇಟ್ಟಾಗ ಚಿತ್ರ ಒಂದು ಬದಿ ಅಗಲ, ಒಂದು ಬದಿ ಕಿರಿದಾಗುತ್ತದೆ. ಕೀಸ್ಟೋನ್ ಆ ಚಿತ್ರವನ್ನು ಒಳಗೇ ಹಿಂಡಿ ನೇರ ಮಾಡುತ್ತದೆ. ಫುಲ್ ಎಚ್‌ಡಿ ಯಂತ್ರದ 1920 ಗುಣಿಸು 1080 ಬಿಂದುಗಳಲ್ಲಿ (ಪಿಕ್ಸೆಲ್) ಒಂದಷ್ಟು ಖಾಲಿ ಉಳಿದುಬಿಡುತ್ತವೆ. ಒಂದು ಬಿಂದು ಕಪ್ಪು, ಒಂದು ಬಿಂದು ಬಿಳಿ ಇರುವ ಸಣ್ಣ ಗೆರೆಗಳ ಪರೀಕ್ಷಾ ಚಿತ್ರ ಹಾಕಿ ಪರದೆಯ ಹತ್ತಿರ ನಿಂತು ನೋಡಿ. ಕೀಸ್ಟೋನ್ ಆಫ್ ಇದ್ದಾಗ ಬಾಚಣಿಗೆಯ ಹಲ್ಲಿನಂತೆ ಒಂದೇ ಸಮ ಕಾಣುವ ಗೆರೆಗಳು, ಆನ್ ಮಾಡಿದ ತಕ್ಷಣ ಅಲ್ಲಲ್ಲಿ ದಪ್ಪವಾಗಿ, ಅಲ್ಲಲ್ಲಿ ಮಸುಕಾಗಿ ಅಲೆಯ ಹಾಗೆ ಕಾಣುತ್ತವೆ. ಲೆನ್ಸ್ ಶಿಫ್ಟ್ ಇರುವ ಯಂತ್ರದಲ್ಲಿ ಲೆನ್ಸೇ ಮೇಲೆ ಕೆಳಗೆ ಸರಿಯುವುದರಿಂದ ಒಂದು ಬಿಂದುವೂ ನಷ್ಟವಾಗುವುದಿಲ್ಲ. ಆ ಸೌಲಭ್ಯಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ಸರಿಯೇ. ಇಲ್ಲದಿದ್ದರೆ ಯಂತ್ರವನ್ನು ಸ್ಪಿರಿಟ್ ಲೆವೆಲ್ ಇಟ್ಟು ಮಟ್ಟ ಮಾಡಿ, ಪರದೆಗೆ ನೇರವಾಗಿ, ಅದು ಬಯಸುವ ಎತ್ತರಕ್ಕೇ ಕೂರಿಸಬೇಕು. ಫೋಕಸ್ ಮಾಡುವುದು ಯಂತ್ರ ಬಿಸಿಯಾದ ಮೇಲೆ, ಅರ್ಧ ಗಂಟೆ ಬಿಟ್ಟು. ಸಬ್‌ಟೈಟಲ್ ಅಕ್ಷರದ ಅಂಚು ನೋಡಿಕೊಂಡು ಒಬ್ಬರು ಪರದೆಯ ಬಳಿ ನಿಂತು ಹೇಳಬೇಕು, ಇನ್ನೊಬ್ಬರು ಲೆನ್ಸ್ ತಿರುಗಿಸಬೇಕು.

ಪರದೆ ಬೇಕೇ, ಗೋಡೆ ಸಾಲದೇ? ಶುರುವಿನಲ್ಲಿ ಗೋಡೆ ಸಾಕು. ನಾವೂ ಕೆಲ ಕಾಲ ಬಿಳಿ ಗೋಡೆಯ ಮೇಲೇ ನೋಡಿದ್ದು. ಕ್ಯಾಮೆರಾ ನಿಧಾನವಾಗಿ ಸರಿಯುವ ಆಕಾಶದ ದೃಶ್ಯ ಬಂದಾಗ ಮಾತ್ರ ಪೇಂಟ್ ರೋಲರಿನ ತರಿತರಿ ಎದ್ದು ಕಾಣುತ್ತಿತ್ತು, ಚಿತ್ರ ಸರಿಯುತ್ತದೆ, ತರಿ ನಿಂತಲ್ಲೇ ಇರುತ್ತದೆ. ಆಮೇಲೆ ಚೌಕಟ್ಟಿಗೆ ಬಿಗಿದ ಮ್ಯಾಟ್ ವೈಟ್ ಪರದೆ ಹಾಕಿದೆವು, ಗೇನ್ 1.0. ಹೆಚ್ಚು ಗೇನ್ ಪರದೆ ಬೆಳಕನ್ನು ಮುಂದಕ್ಕೇ ಒಟ್ಟುಮಾಡಿ ಕೊಡುತ್ತದೆ, ನಡುವೆ ಕೂತವರಿಗೆ ಖುಷಿ, ಬದಿಯಲ್ಲಿ ಕೂತವರಿಗೆ ಮಂಕು. ಸುತ್ತಿಡುವ ಪರದೆಗಳಲ್ಲಿ ಬದಿಯಿಂದ ಎಳೆದು ಹಿಡಿಯುವ ದಾರದ ವ್ಯವಸ್ಥೆ ಇಲ್ಲದಿದ್ದರೆ ಕಾಲಕ್ರಮದಲ್ಲಿ ಸುಕ್ಕು ಬೀಳುತ್ತದೆ. ಚೌಕಟ್ಟಿನ ಕಪ್ಪು ವೆಲ್ವೆಟ್ ಪಟ್ಟಿ ಬರೀ ಅಲಂಕಾರವಲ್ಲ, ಅಂಚಿನಲ್ಲಿ ಚೆಲ್ಲುವ ಬೆಳಕನ್ನು ನುಂಗುತ್ತದೆ, ಪಕ್ಕದ ಚಿತ್ರವನ್ನು ಕಣ್ಣಿಗೆ ಇನ್ನಷ್ಟು ಗಾಢ ಮಾಡುತ್ತದೆ.

ಕೋಣೆ ಕತ್ತಲೆ ಮಾಡಲು ಸಾಧ್ಯವೇ ಇಲ್ಲದವರಿಗೆ ಅಲ್ಟ್ರಾ ಶಾರ್ಟ್ ಥ್ರೋ ಇದೆ. ಥ್ರೋ ರೇಶಿಯೋ 0.25ರ ಆಸುಪಾಸು, ಗೋಡೆಗೆ ಅಂಟಿದಂತೆ ಮೇಜಿನ ಮೇಲೆ ಕೂರುತ್ತದೆ, ಚಾವಣಿಯ ಬೆಳಕನ್ನು ತಳ್ಳಿಹಾಕುವ ವಿಶೇಷ ಪರದೆ ಜೊತೆಗೆ ಬೇಕೇ ಬೇಕು. ಗೋಡೆಯ ಸಣ್ಣ ಉಬ್ಬೂ ಅದರ ಓರೆ ಬೆಳಕಿನಲ್ಲಿ ದೊಡ್ಡ ಡೊಂಕಾಗಿ ಕಾಣುತ್ತದೆ. ಇಡೀ ದಿನ ಸುದ್ದಿ, ಧಾರಾವಾಹಿ ಓಡುತ್ತಿರಬೇಕಾದ ಮನೆಗೆ ಟಿವಿಯೇ ಸರಿ ಎಂದು ನನ್ನ ಅಭಿಪ್ರಾಯ. ನಮ್ಮದು ಸಂಜೆ ಮೇಲೆ ಒಟ್ಟಿಗೆ ಕೂತು ನೋಡುವ ಮನೆ, ಹಾಗಾಗಿ ಟಿವಿಯ ಕೊರತೆ ಅನ್ನಿಸಿಲ್ಲ. ಮ್ಯಾಚ್ ನೋಡುವಾಗ ಹರಟೆ, ತಿಂಡಿಗೆ ಸ್ವಲ್ಪ ಬೆಳಕು ಬೇಕಲ್ಲ, ಅದಕ್ಕೆ ಸೋಫಾದ ಹಿಂದೆ ನೆಲದ ಕಡೆ ಮುಖ ಮಾಡಿದ ಸಣ್ಣ ದೀಪ ಇದೆ. ಪರದೆಯ ಮೇಲೆ ಬೀಳದ ಬೆಳಕಿನಿಂದ ತೊಂದರೆ ಇಲ್ಲ.

ಧ್ವನಿ ತೀರಾ ಮುಖ್ಯ. ಯಂತ್ರದೊಳಗಿನ ಸ್ಪೀಕರ್ ನಿಮ್ಮ ತಲೆಯ ಹಿಂದಿರುತ್ತದೆ, ಮಾತಾಡುವವರು ಎದುರಿಗಿರುತ್ತಾರೆ. ಪರದೆಯ ಎರಡೂ ಬದಿ ಒಂದೊಂದು ಸ್ಪೀಕರ್ ಇಟ್ಟರೂ ಸಾಕು, ಅನುಭವವೇ ಬೇರೆ. ಸ್ಟ್ರೀಮಿಂಗ್ ಸ್ಟಿಕ್ ಅನ್ನು ಆಡಿಯೊ ರಿಸೀವರಿಗೆ (ಸ್ಪೀಕರುಗಳನ್ನು ನಡೆಸುವ ಪೆಟ್ಟಿಗೆ) ಚುಚ್ಚಿ, ಅಲ್ಲಿಂದ ಒಂದೇ ಎಚ್‌ಡಿಎಂಐ ಕೇಬಲ್ ಪ್ರೊಜೆಕ್ಟರಿಗೆ ಹೋಗಿದೆ. ಪ್ರೊಜೆಕ್ಟರಿನೊಳಗಿನ ಆ್ಯಪ್‌ಗಳನ್ನು ನಂಬಿಕೊಂಡಿಲ್ಲ. ಸ್ಟ್ರೀಮಿಂಗ್ ಸೇವೆಯ ಪರವಾನಗಿ ಇಲ್ಲದ ಯಂತ್ರದಲ್ಲಿ ಚಿತ್ರ ಕಡಿಮೆ ರೆಸಲ್ಯೂಶನ್ನಿಗೆ ಇಳಿಯುತ್ತದೆ, 100 ಇಂಚಿನಲ್ಲಿ ಅದನ್ನು ನೋಡಲಾಗದು. ತುಟಿ ಅಲ್ಲಾಡುವ ಮೊದಲೇ ಮಾತು ಕೇಳಿಸಿದರೆ ರಿಸೀವರಿನ ಆಡಿಯೊ ಡಿಲೇ ಸ್ವಲ್ಪ ಸ್ವಲ್ಪವೇ ಏರಿಸಿ, ಪ್ರೊಜೆಕ್ಟರ್ ಚಿತ್ರವನ್ನು ಸಂಸ್ಕರಿಸಲು ಕೊಂಚ ಸಮಯ ತೆಗೆದುಕೊಳ್ಳುತ್ತದೆ. ಹತ್ತು ಮೀಟರ್ ಉದ್ದದ ಮಾಮೂಲಿ ತಾಮ್ರದ ಕೇಬಲ್ 4ಕೆಗೆ ಆಗಾಗ ಕೈಕೊಡುತ್ತದೆ, ಆಪ್ಟಿಕಲ್ ಎಚ್‌ಡಿಎಂಐ ಬೇಕು. ಅದಕ್ಕೆ ದಿಕ್ಕಿದೆ, ಯಾವ ತುದಿ ಯಾವುದಕ್ಕೆ ಎಂದು ತುದಿಯಲ್ಲೇ ಬರೆದಿರುತ್ತದೆ. ಪೈಪಿನೊಳಗೆ ತೂರಿಸುವ ಮೊದಲು ನೆಲದ ಮೇಲೆ ಹಾಸಿ ಒಂದು ಸಿನಿಮಾ ಪೂರ್ತಿ ಓಡಿಸಿ ನೋಡಿ, ಜೊತೆಗೆ ಪೈಪಿನಲ್ಲಿ ಒಂದು ದಾರವನ್ನೂ ಬಿಟ್ಟಿರಿ, ಮುಂದೆ ಕೇಬಲ್ ಬದಲಿಸಲು.

ಎಚ್‌ಡಿಆರ್ (ಹೆಚ್ಚು ಹೊಳಪು, ಹೆಚ್ಚು ಕಪ್ಪು-ಬಿಳಿ ಅಂತರದ ಚಿತ್ರ) ಬಗ್ಗೆ ಹೆಚ್ಚು ಆಸೆ ಬೇಡ. ಆ ಚಿತ್ರಗಳು 1000 ನಿಟ್ಸ್, ಅದಕ್ಕೂ ಮೇಲಿನ ಹೊಳಪಿಗೆ ಹದಮಾಡಿದವು, ನಮ್ಮ ಪರದೆ 170ರದು. ಯಂತ್ರ ಅದನ್ನು ಸರಿಯಾಗಿ ಇಳಿಸಿಕೊಳ್ಳದೆ ಚಿತ್ರ ಮಂಕಾದರೆ ಸ್ಟಿಕ್ಕಿನಲ್ಲಿ ಎಸ್‌ಡಿಆರ್, ಅಂದರೆ ಮಾಮೂಲಿ ಹೊಳಪಿನ ಚಿತ್ರ, ಆರಿಸಿಕೊಳ್ಳಿ. ಬಹಳ ಸಲ ಅದೇ ಚೆನ್ನಾಗಿರುತ್ತದೆ.

ನನ್ನದು ಲ್ಯಾಂಪ್ ಮಾದರಿ. ಇಕೋ ಮೋಡಿನಲ್ಲಿ ಫ್ಯಾನ್ ಸದ್ದು ತಗ್ಗುತ್ತದೆ, ಲ್ಯಾಂಪ್ ಹೆಚ್ಚು ಬಾಳುತ್ತದೆ. 4000 ಗಂಟೆ ಎಂದರೆ ದಿನಕ್ಕೆ ಎರಡೂವರೆ ಗಂಟೆಯಂತೆ ನಾಲ್ಕು ವರ್ಷಕ್ಕೂ ಮೇಲೆ. ಆದರೆ ಆ ಗಂಟೆಗಳ ಲೆಕ್ಕ ಸಾಮಾನ್ಯವಾಗಿ ಬೆಳಕು ಅರ್ಧಕ್ಕೆ ಇಳಿಯುವವರೆಗಿನದು, ಅದಕ್ಕೇ ಕೊಳ್ಳುವಾಗ ಸ್ವಲ್ಪ ಹೆಚ್ಚುವರಿ ಹೊಳಪು ಕೈಯಲ್ಲಿರಬೇಕು. ಆಫ್ ಒತ್ತಿದ ಮೇಲೆ ಫ್ಯಾನ್ ನಿಲ್ಲುವವರೆಗೆ ಗೋಡೆಯ ಸ್ವಿಚ್ ಮುಟ್ಟುವುದಿಲ್ಲ. ಏರ್ ಫಿಲ್ಟರನ್ನು ತಿಂಗಳಿಗೊಮ್ಮೆ ತೆಗೆದು, ಯಂತ್ರದಿಂದ ದೂರ ಒಯ್ದು, ಮೆತ್ತನೆ ಬ್ರಷ್ಷಿನಲ್ಲಿ ಧೂಳು ಕೊಡವುತ್ತೇನೆ. ಮಕ್ಕಳು ಬಂದಾಗ ಲೆನ್ಸಿನೊಳಗೆ ಇಣುಕದಂತೆ ಮೊದಲೇ ಹೇಳುತ್ತೇನೆ.

ಮುಂದಿನದು ಲೇಸರ್. 20,000 ಗಂಟೆಯ ಬಾಳಿಕೆ ಹೇಳುತ್ತಾರೆ, ಆನ್ ಮಾಡಿದ ಕೂಡಲೇ ಪೂರ್ಣ ಬೆಳಕು. ಪರದೆ, ಶೆಲ್ಫ್, ಕೇಬಲ್, ಬೂದು ಗೋಡೆ ಎಲ್ಲ ಹಾಗೇ ಉಳಿಯಲಿವೆ. ಹೊಸ ಯಂತ್ರದ ಜೂಮ್ ವ್ಯಾಪ್ತಿಯೊಳಗೆ 1.58 ಬರಬೇಕು, ಲೆನ್ಸ್ ಶಿಫ್ಟ್ ಇರಬೇಕು, ಅಂಗಡಿಯಲ್ಲಿ ತಂಗಿ ಒಮ್ಮೆ ಕೂತು ನೋಡಿ ಒಪ್ಪಬೇಕು.