ಯಜಮಾನರ ಹೆಸರಿನ ಜಾಗ: ದಾವೆ ಇಲ್ಲದೆ ಹೆಂಗಸರ ಪಾಲು ತೆಗೆಸಿದ ಬಗೆ

ಅಳಿಯಸಂತಾನದ (ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಪದ್ಧತಿಯ) ತರವಾಡು, ಅಂದರೆ ಕೂಡುಕುಟುಂಬದ, ಜಾಗ ಮನೆತನ ನೋಡಿಕೊಳ್ಳುವ ಯಜಮಾನರ ಹೆಸರಲ್ಲೇ ಉಳಿದಿದ್ದರೆ ಕೋರ್ಟೇ ಗತಿ ಎಂಬುದು ಕಾಸರಗೋಡಿನಲ್ಲಿ ದಸ್ತಾವೇಜು ಬರೆಯುವವರ ಮಾಮೂಲು ಮಾತು. ದುಡ್ಡಿಲ್ಲದ ಹೆಂಗಸರ ಪಾಲನ್ನು ನಾನು ದಾವೆ ಹೂಡದೆ ತಂಡಪೇರಿಗೆ (ವಿಲೇಜ್ ಆಫೀಸಿನ ಜಾಗದ ಖಾತೆಗೆ) ತಂದದ್ದಾಯಿತು. ನಕ್ಕವರೇ ಈಗ ಫೈಲು ಹಿಡಿದು ಬರುತ್ತಾರೆ.

ಮೊದಲು ತಲೆ ಎಣಿಕೆ. ಅವಿಭಕ್ತ ಕುಟುಂಬ ರದ್ದು ಮಾಡಿದ ಕೇರಳದ 1975ರ ಕಾಯ್ದೆ ಜಾರಿಯಾದದ್ದು 1976 ಡಿಸೆಂಬರ್ 1ರಂದು. ಆ ದಿನ ಬದುಕಿದ್ದ ಸದಸ್ಯರಿಗೆಲ್ಲ, ತೊಟ್ಟಿಲ ಮಗುವಿಗೂ, ಸಮಪಾಲು. ಕವರು (ಒಬ್ಬ ಹೆಂಗಸು ಮತ್ತು ಅವಳ ಸಂತತಿಯ ಕವಲು) ಲೆಕ್ಕ ನಡೆಯದು. 2 ಎಕ್ರೆ 40 ಸೆಂಟ್ಸಿಗೆ 12 ಮಂದಿ ಇದ್ದರೆ ತಲೆಗೆ 20. ಮೂರು ಕವರಿಗೆ 80ರಂತೆ ಹಂಚಿದರೆ ಏಳು ಮಂದಿಯ ಕವರಿಗೆ 60 ಸೆಂಟ್ಸ್ ನಷ್ಟ, ಇಬ್ಬರ ಕವರಿಗೆ 40 ಲಾಭ. ಜೋರು ಮಾಡುವುದೂ ಆ ಇಬ್ಬರೇ! 1976ಕ್ಕೆ ಮೊದಲೇ ಕವರುವಾರು ಪಾಲುಪಟ್ಟಿ ರಿಜಿಸ್ಟ್ರಿ ಆಗಿದ್ದರೆ ಮಾತ್ರ ಎಣಿಕೆ ಆಯಾ ಕವರಿನೊಳಗೆ.

ಗಂಡಸರ ಮಕ್ಕಳು ಈ ಪಟ್ಟಿಗೆ ಬಾರರು. ಆದರೆ ಯಜಮಾನರು ಅನಂತರ ಉಯಿಲು ಬರೆಯದೆ ತೀರಿಕೊಂಡಿದ್ದರೆ ಅವರ 20 ಸೆಂಟ್ಸ್ ಹೆಂಡತಿ, ಮಕ್ಕಳು, ತಾಯಿಗೆ ಹೋಗುತ್ತದೆ, ಅಕ್ಕತಂಗಿಯರ ಮಕ್ಕಳಾದ ಅಳಿಯಂದಿರಿಗಲ್ಲ. ಮಾತುಕತೆ ಮುರಿಯುವುದು ಹೆಚ್ಚಾಗಿ ಇಲ್ಲೇ. ಇದನ್ನು ಮೊದಲ ಸಿಟ್ಟಿಂಗಿನಲ್ಲೇ ಹೇಳಿಬಿಡಬೇಕು.

ಹುಟ್ಟಿದ ತಾರೀಕಿಗೆ ಶಾಲೆಯ ಎಡ್ಮಿಶನ್ ರಿಜಿಸ್ಟರ್ ಸಾಕು. ತಲೆನೋವು ಮರಣದ್ದು: ಪಂಚಾಯತಿನಲ್ಲಿ ದಾಖಲಾಗದ ಹಳೆ ಸಾವಿಗೆ ಮೇಲಿನ ಆದೇಶ ತರಬೇಕು, ತಿಂಗಳುಗಟ್ಟಲೆ ಹೋಗುತ್ತದೆ. ಪಟ್ಟಯ (ಗೇಣಿದಾರರಿಗೆ ಸಿಕ್ಕ ಜಾಗದ ಹಕ್ಕುಪತ್ರ) ಯಜಮಾನರೊಬ್ಬರ ಹೆಸರಲ್ಲಿದ್ದರೆ 1970ಕ್ಕೆ ಹಿಂದಿನ ಗೇಣಿ ಚೀಟು (ಗೇಣಿಯ ಕರಾರುಪತ್ರ) ಹುಡುಕಿ. ಗೇಣಿ ಕುಟುಂಬದ್ದೆಂದು ತೋರಿಸದೆ ಏನೂ ಅಲುಗದು. ನನ್ನ ಕೈಯಲ್ಲಿ ಬಿದ್ದುಹೋದ ಫೈಲುಗಳೆಲ್ಲ ಈ ಚೀಟು ಸಿಗದವು. ಹಳೆ ಕನ್ನಡ ಕೈಬರಹವನ್ನು ಮೊಬೈಲ್ ಆ್ಯಪಿಗೆ ಓದಿಸಿಯೂ ನೋಡಿದೆ. ಅಕ್ಕಿ ಮುಡಿಯ ಲೆಕ್ಕವನ್ನೂ ಚೆಕ್ಕುಬಂದಿಯನ್ನೂ ಕಲಸಿ ಹಾಕಿತು. ಓದಬಲ್ಲ ಹಿರಿಯರಿಂದ ಓದಿಸಿ, ಮಲಯಾಳಕ್ಕೆ ಮಾಡಿಸಿ, ನೋಟರಿ ಹಾಕಿಸುವುದೇ ಸೈ. ಅರ್ಜಿ ಕನ್ನಡದಲ್ಲೇ ಕೊಡಿ, ಇಲ್ಲಿನ ಕನ್ನಡಿಗರಿಗೆ ಕೇರಳದ 1969ರ ಭಾಷಾ ಕಾಯ್ದೆಯೇ ಕೊಟ್ಟ ಹಕ್ಕದು.

ಇನ್ನು ತಾಲೂಕು ಲೀಗಲ್ ಸರ್ವೀಸಸ್ ಕಮಿಟಿಗೆ (ಕಾನೂನು ನೆರವಿನ ಸಮಿತಿಗೆ) ದಾವೆಪೂರ್ವ ಅರ್ಜಿ, ಅಂದರೆ ಕೇಸು ಹಾಕುವ ಮೊದಲೇ ಎಲ್ಲರನ್ನೂ ಮಾತುಕತೆಗೆ ಕರೆಸಲು ಕೊಡುವ ಅರ್ಜಿ. 1987ರ ಕಾಯ್ದೆ ಪ್ರಕಾರ ಹೆಂಗಸರಿಗೆ ಆದಾಯ ನೋಡದೆ ನೆರವು ಸಿಗುತ್ತದೆ, ಫೀಸಿಲ್ಲ. ಅರ್ಜಿಯಲ್ಲಿ 'ನಮ್ಮನ್ನು ಹೊರಹಾಕಿದ್ದಾರೆ' ಎಂದು ಸಿಟ್ಟಿನಲ್ಲಿ ಬರೆಯಬೇಡಿ. ಮುಂದೆ ದಾವೆಯೇ ಆದರೆ, ಜಾಗ ಎಲ್ಲರ ಜಂಟಿ ಸ್ವಾಧೀನದಲ್ಲೇ ಇದೆ ಎಂದರೆ ಸಣ್ಣ ನಿಗದಿ ಕೋರ್ಟು ಫೀಸು. ಸ್ವಾಧೀನ ತಪ್ಪಿದೆ ಎಂದರೆ ಪಾಲಿನ ಮಾರ್ಕೆಟ್ ಬೆಲೆಯ ಮೇಲೆ ಫೀಸು. ಉಳ್ಳವರಿಗೆ ಲೆಕ್ಕಕ್ಕಿಲ್ಲ, ಇಲ್ಲದವರು ಅಲ್ಲೇ ಕೈಬಿಡುತ್ತಾರೆ. ಮೊದಲ ನೋಟಿಸು ಯಾವ ಕವರಿಗೆ ಹೋಗಬೇಕೆಂಬ ಗುಟ್ಟು ನನ್ನಲ್ಲೇ ಇರಲಿ.

ನಕಲು, ಇಸಿ (ಋಣಭಾರ ಪತ್ರ), ತರ್ಜುಮೆ, ಅಳತೆ ಎಲ್ಲ ಸೇರಿ ಕುಟುಂಬಕ್ಕೆ ಇಪ್ಪತ್ತು–ಇಪ್ಪತ್ತೈದು ಸಾವಿರ ಬೀಳಬಹುದು. ಮುದ್ರಾಂಕ, ರಿಜಿಸ್ಟ್ರಿ ಬೇರೆ. ಮಾತುಕತೆಯಲ್ಲಿ ಎಲ್ಲರೂ ಒಪ್ಪಿದ ಮೇಲೆ ಬರೆಯುವ ಪಾಲುಪಟ್ಟಿಗೆ ಸ್ಕೆಚ್ ಲಗತ್ತಿಸಿ, ಜಾಗದ ಹಳೆ ಆರ್‌ಎಸ್ (ಸರ್ವೆ) ನಂಬ್ರದ ಪಕ್ಕ ರೀಸರ್ವೆ ನಂಬ್ರವನ್ನೂ ಬರೆಯಿರಿ. ಇಲ್ಲವಾದರೆ ಪೋಕುವರವು (ಖಾತೆ ಬದಲಾವಣೆ) ವಿಲೇಜ್ ಆಫೀಸಿನಲ್ಲೇ ನಿಲ್ಲುತ್ತದೆ. ಹೊಸ ತಂಡಪೇರು ಸಿಕ್ಕ ಕೂಡಲೇ ತೀರ್ವೆಯನ್ನು (ಭೂಕಂದಾಯವನ್ನು) ಅವರವರ ಹೆಸರಲ್ಲೇ ಕಟ್ಟಿಸಿ, ಯಜಮಾನರ ಮನೆಯವರ ಕೈಯಲ್ಲಿ ಕಟ್ಟಿಸಬೇಡಿ.