ಸಾಕುಪ್ರಾಣಿಯ ಚಿಕಿತ್ಸೆಗೆ ಎಷ್ಟು ಖರ್ಚು ಮಾಡಬಹುದು ಎಂಬುದನ್ನು ಮನೆಯಲ್ಲೇ ತೀರ್ಮಾನಿಸುವ ಬಗೆ

ಸಾಕಿದ ನಾಯಿ ಅಥವಾ ಬೆಕ್ಕಿನ ಚಿಕಿತ್ಸೆಗೆ ಎಷ್ಟು ಹಣ ಹಾಕಬೇಕೆಂಬ ತೀರ್ಮಾನವನ್ನು ನಮ್ಮಲ್ಲಿ ಹೆಚ್ಚಿನವರು ತೆಗೆದುಕೊಳ್ಳುವುದು ಆಸ್ಪತ್ರೆಯ ಕೌಂಟರಿನ ಮುಂದೆ ನಿಂತು. ರಾತ್ರಿ ಹತ್ತು ಗಂಟೆ ದಾಟಿರುತ್ತದೆ, ಒಳಗೆ ಮೇಜಿನ ಮೇಲೆ ನಾಯಿ ಏದುಸಿರು ಬಿಡುತ್ತಿರುತ್ತದೆ, ಅಂದಾಜು ವೆಚ್ಚ ಬರೆದ ಚೀಟಿಯೊಂದು ಕೈಗೆ ಬಂದಿರುತ್ತದೆ, ಮುಂಗಡ ಕಟ್ಟಿದ ಮೇಲೆಯೇ ಮುಂದಿನ ಕೆಲಸ ಎಂದು ಸಿಬ್ಬಂದಿ ಹೇಳಿರುತ್ತಾರೆ. ಆ ಗಳಿಗೆಯಲ್ಲಿ ಬಾಯಿಂದ ಹೊರಡುವ 'ಆಗಲಿ' ಎಂಬ ಮಾತನ್ನೂ 'ಬೇಡ' ಎಂಬ ಮಾತನ್ನೂ ಹೆದರಿಕೆಯೋ ನಾಚಿಕೆಯೋ ನಮ್ಮಿಂದ ಆಡಿಸಿರುತ್ತದೆ. ಪ್ರಾಣಿ ಆರೋಗ್ಯವಾಗಿರುವಾಗಲೇ ಮನೆಮಂದಿ ಕುಳಿತು ಮಾಡಬೇಕಾದ ಲೆಕ್ಕವನ್ನು, ಕಾಯಿಲೆ ಬಂದಾಗ ಆ ಲೆಕ್ಕವನ್ನು ಬಳಸಬೇಕಾದ ರೀತಿಯನ್ನು ಇಲ್ಲಿ ವಿವರಿಸುತ್ತೇನೆ.

ನಮ್ಮ ಮನೆಯ ಕೆಂಚ ಹನ್ನೆರಡು ವರ್ಷದ ನಾಟಿ ನಾಯಿ. ಅವನ ಮೂತ್ರಪಿಂಡಗಳು ಸೋತಾಗ ಮೂರು ವಾರಗಳಲ್ಲಿ ಮೂರು ಬಾರಿ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿಸಿದೆವು. ಮೂರನೆಯ ಬಾರಿಗೆ ಬಳೆಗಳನ್ನು ಅಡವಿಡಬೇಕಾಯಿತು. ಆ ಹಣ ಹೋಯಿತೆಂಬ ಬೇಸರ ನನಗೆ ಇಂದಿಗೂ ಇಲ್ಲ. ಆದರೆ ಈ ಹಣದಿಂದ ಕೆಂಚನಿಗೆ ಏನು ಸಿಗುತ್ತದೆ ಎಂಬ ಪ್ರಶ್ನೆಯನ್ನು ನಾನು ವೈದ್ಯರಲ್ಲಿ ಒಮ್ಮೆಯೂ ಕೇಳಲಿಲ್ಲ. ಅವನ ಬಾಳಿನ ಕೊನೆಯ ಹತ್ತು ದಿನಗಳಲ್ಲಿ ಆರು ದಿನಗಳು ಅಪರಿಚಿತರ ನಡುವೆ, ಕಬ್ಬಿಣದ ಗೂಡಿನೊಳಗೆ ಕಳೆದುಹೋದವು. ಎಷ್ಟು ಖರ್ಚು ಎಂಬ ಪ್ರಶ್ನೆಗೆ ಮುಂಚೆ ಆ ಖರ್ಚಿನಿಂದ ಪ್ರಾಣಿಗೆ ಎಂಥ ದಿನಗಳು, ಎಷ್ಟು ದಿನಗಳು ದೊರೆಯುತ್ತವೆ ಎಂಬ ಪ್ರಶ್ನೆ ಬರಬೇಕೆಂದು ನಾನು ಕಲಿತದ್ದು ಹೀಗೆ.

ಮೊದಲ ಕೆಲಸವೆಂದರೆ ಎರಡು ಮೊತ್ತಗಳನ್ನು ಗೊತ್ತುಮಾಡಿಕೊಳ್ಳುವುದು. ಯಾರನ್ನೂ ಕೇಳದೆ, ಯಾರಿಗೂ ತೊಂದರೆಯಾಗದೆ, ಅದೇ ರಾತ್ರಿ ಕೊಡಬಹುದಾದ ಹಣ ಮೊದಲನೆಯದು. ಗುಣವಾಗುವ ಸಾಧ್ಯತೆ ಹೆಚ್ಚಿದೆ ಎಂದು ವೈದ್ಯರು ಸ್ಪಷ್ಟವಾಗಿ ಹೇಳಿದಾಗ ಮಾತ್ರ, ಉಳಿತಾಯಕ್ಕೆ ಕೈಹಾಕಿ, ಕೆಲವು ತಿಂಗಳು ಬೇರೆ ಖರ್ಚುಗಳನ್ನು ತಗ್ಗಿಸಿ ಹೊಂದಿಸಬಹುದಾದ ಗರಿಷ್ಠ ಮೊತ್ತ ಎರಡನೆಯದು. ಮಕ್ಕಳ ಶಾಲಾ ಶುಲ್ಕ, ಮನೆ ಬಾಡಿಗೆ, ಹಿರಿಯರ ಔಷಧದ ಹಣ ಈ ಎರಡರಲ್ಲಿ ಯಾವುದಕ್ಕೂ ಸೇರಕೂಡದು. ಬಡ್ಡಿಗೆ ತರುವ ಸಾಲವನ್ನೂ ಸೇರಿಸದಿರುವುದೇ ಒಳ್ಳೆಯದು, ಏಕೆಂದರೆ ಪ್ರಾಣಿ ಉಳಿದರೂ ಉಳಿಯದಿದ್ದರೂ ಬಡ್ಡಿ ಮಾತ್ರ ತಿಂಗಳು ತಿಂಗಳು ಬರುತ್ತದೆ, ಅದನ್ನು ಕಟ್ಟುವಾಗಲೆಲ್ಲ ಆ ಜೀವದ ಮೇಲೆ ಸಿಟ್ಟು ಬರುವ ಸ್ಥಿತಿಯನ್ನು ಯಾರೂ ತಂದುಕೊಳ್ಳಬಾರದು. ಮೊತ್ತಗಳನ್ನು ಪ್ರಾಣಿಯ ಲಸಿಕೆ ಪುಸ್ತಕದ ಹಿಂಬದಿಯಲ್ಲಿ ಬರೆದಿಡಿ. ಬರೆದದ್ದಕ್ಕೆ ಇರುವ ತೂಕ ಮನಸ್ಸಿನಲ್ಲಿ ಅಂದುಕೊಂಡದ್ದಕ್ಕೆ ಇರುವುದಿಲ್ಲ.

ಮೊದಲನೆಯ ಮೊತ್ತವನ್ನು ಕೂಡಿಡಲು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ತಿಂಗಳು ತಿಂಗಳು ನಿಗದಿತ ಹಣ ಕಟ್ಟುವ ಆರ್‌ಡಿ ಖಾತೆ ತೆರೆಯುವುದು ಸುಲಭವಾದ ದಾರಿ. ಮರಿ ಮನೆಗೆ ಬಂದ ತಿಂಗಳಿಂದ 1,000 ರೂಪಾಯಿ ಕಟ್ಟುತ್ತಾ ಹೋದರೆ ಐದು ವರ್ಷಕ್ಕೆ ಬಡ್ಡಿ ಬಿಟ್ಟು 60,000 ರೂಪಾಯಿ ಆಗುತ್ತದೆ; 500 ರೂಪಾಯಿಯಾದರೆ ಅದರ ಅರ್ಧ. ಸಾಮಾನ್ಯವಾಗಿ ದೊಡ್ಡ ಕಾಯಿಲೆಗಳು ಬರತೊಡಗುವ ವಯಸ್ಸಿಗೆ ಈ ಹಣ ಕೈಗೆ ಬಂದಿರುತ್ತದೆ. ನಾಯಿಗಳಿಗೆ ವಿಮೆಯೂ ದೊರೆಯುತ್ತದೆ, ಆದರೆ ಪಾಲಿಸಿ ಕೊಳ್ಳುವ ಮೊದಲು ಸೇರಲು ಇರುವ ವಯಸ್ಸಿನ ಮಿತಿ, ಆರಂಭದ ಕಾಯುವ ಅವಧಿ ಮತ್ತು ಮೊದಲೇ ಇದ್ದ ಕಾಯಿಲೆಗಳ ಕುರಿತ ಷರತ್ತುಗಳನ್ನು ಓದಿ ನೋಡಬೇಕು. ವಯಸ್ಸಾದ ನಾಯಿಗೆ ಹೊಸದಾಗಿ ವಿಮೆ ಮಾಡಿಸುವುದು ಕಷ್ಟ.

ಈ ಲೆಕ್ಕ ಹಾಕುವಾಗ ಪ್ರಾಣಿಯನ್ನು ಕೊಂಡ ಬೆಲೆಯನ್ನು ದಯವಿಟ್ಟು ನಡುವೆ ತರಬೇಡಿ. ನಲವತ್ತು ಸಾವಿರ ಕೊಟ್ಟು ತಂದ ಲ್ಯಾಬ್ರಡಾರ್‌ಗೆ ಇಷ್ಟು, ಬೀದಿಯಿಂದ ಎತ್ತಿಕೊಂಡು ಬಂದ ನಾಟಿ ಮರಿಗೆ ಇಷ್ಟು ಎಂದು ವಿಂಗಡಿಸುವ ಮಾತನ್ನು ಬಂಧುಗಳು ಆಡಿಯೇ ಆಡುತ್ತಾರೆ. ಕಾಯಿಲೆಯ ನೋವು ತಳಿ ನೋಡಿ ಬರುವುದಿಲ್ಲ. ಲೆಕ್ಕದಲ್ಲಿ ತಳಿಯನ್ನು ಗಮನಿಸಬೇಕಾದದ್ದು ಆಯುಷ್ಯದ ವಿಷಯಕ್ಕೆ ಮಾತ್ರ: ಗ್ರೇಟ್ ಡೇನ್‌ನಂತಹ ಭಾರಿ ದೇಹದ ನಾಯಿಗಳು ಏಳೆಂಟು ವರ್ಷಕ್ಕೇ ಮುದಿಯಾಗಿರುತ್ತವೆ, ಸಣ್ಣ ತಳಿಗಳು ಹದಿನಾಲ್ಕು ಹದಿನೈದು ವರ್ಷ ಬಾಳಬಲ್ಲವು. ಹಾಗಾಗಿ ಒಂದೇ ಶಸ್ತ್ರಚಿಕಿತ್ಸೆಯಿಂದ ಎಷ್ಟು ವರ್ಷಗಳ ಬಾಳು ಸಿಗಬಹುದೆಂಬ ಎಣಿಕೆ ಬೇರೆ ಬೇರೆಯಾಗುತ್ತದೆ.

ಮಿತಿಯನ್ನು ಎಷ್ಟೇ ಇಟ್ಟುಕೊಂಡರೂ ಕೆಲವು ಖರ್ಚುಗಳನ್ನು ಚೌಕಾಸಿ ಮಾಡದೆ ಮಾಡಬೇಕು, ಏಕೆಂದರೆ ಅವು ಹಲವು ಪಟ್ಟು ದೊಡ್ಡ ಖರ್ಚನ್ನು ತಪ್ಪಿಸುತ್ತವೆ. ಆರರಿಂದ ಎಂಟು ವಾರದ ಮರಿಗೆ ಲಸಿಕೆ ಆರಂಭಿಸಿ, ಮೂರು ನಾಲ್ಕು ವಾರಗಳ ಅಂತರದಲ್ಲಿ ಹದಿನಾರು ವಾರ ತುಂಬುವವರೆಗೆ ಮುಂದುವರಿಸಿದರೆ ಪಾರ್ವೋ ಮತ್ತು ಡಿಸ್ಟೆಂಪರ್ ಎಂಬ ಮಾರಕ ವೈರಸ್ ಕಾಯಿಲೆಗಳು ಬಹುಮಟ್ಟಿಗೆ ದೂರವಿರುತ್ತವೆ; ರೇಬೀಸ್ ಲಸಿಕೆಯಂತೂ ಮನೆಯ ಮನುಷ್ಯರ ಪ್ರಾಣಕ್ಕೂ ಸಂಬಂಧಿಸಿದ್ದು. ಮರಿ ಹಾಕಿಸುವ ಉದ್ದೇಶವಿಲ್ಲದ ಹೆಣ್ಣು ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಎಂಬ ಪ್ರಾಣಾಂತಿಕ ಕಾಯಿಲೆ ತಪ್ಪುತ್ತದೆ. ಇನ್ನು ನಾಯಿಯ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ ಹುಳು. ನಮ್ಮ ಹವೆಯಲ್ಲಿ ಉಣ್ಣೆ ವರ್ಷವಿಡೀ ಇರುತ್ತದೆ, ಅದರಿಂದ ಎರ್ಲಿಕಿಯಾ, ಬೇಬಿಸಿಯಾ ಜ್ವರಗಳು ಬರುತ್ತವೆ. ಎರ್ಲಿಕಿಯಾವನ್ನು ಆರಂಭದಲ್ಲೇ ರಕ್ತಪರೀಕ್ಷೆಯಿಂದ ಗುರುತಿಸಿದರೆ ಸಾಮಾನ್ಯವಾಗಿ ನಾಲ್ಕು ವಾರಗಳ ಡಾಕ್ಸಿಸೈಕ್ಲಿನ್ ಮಾತ್ರೆಯಲ್ಲಿ ವಾಸಿಯಾಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಅಸ್ಥಿಮಜ್ಜೆಯೇ ಕೆಟ್ಟು, ಎಷ್ಟು ಸುರಿದರೂ ಸಾಲದ ಸ್ಥಿತಿ ಬರುತ್ತದೆ. ಊಟ ಬಿಟ್ಟ ನಾಯಿಯನ್ನು 'ನಾಳೆ ಸರಿಹೋದೀತು' ಎಂದು ಒಂದು ವಾರ ಕಾಯಿಸುವುದರಿಂದ ಉಳಿಯುವ ಹಣ ಏನೂ ಇಲ್ಲ.

ಹಣ ಉಳಿಸಲೆಂದು ಮನೆಯ ಔಷಧ ಡಬ್ಬಿಗೆ ಕೈಹಾಕುವುದು ಇದಕ್ಕಿಂತ ಅಪಾಯಕರ. ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ತರಿಸಿ ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ.

ಕಾಯಿಲೆ ಬಂದೇ ಬಂದಾಗ ಅದು ಎಂಥ ಕಾಯಿಲೆ ಎಂಬುದನ್ನು ತಿಳಿದುಕೊಳ್ಳುವುದೇ ಖರ್ಚಿನ ತೀರ್ಮಾನದ ಅರ್ಧ ಭಾಗ. ಕೆಲವು ಕಾಯಿಲೆಗಳು ತೀವ್ರವಾಗಿದ್ದರೂ ದಾಟಿದರೆ ಮುಗಿದವು. ಪಾರ್ವೋ ತಗುಲಿದ ಮರಿ ರಕ್ತಭೇದಿಯಾಗಿ ನಿತ್ರಾಣಗೊಂಡಿದ್ದರೂ, ಐದಾರು ದಿನ ಡ್ರಿಪ್ ಮತ್ತು ಆರೈಕೆ ಸಿಕ್ಕರೆ ಹೆಚ್ಚಿನವು ಬದುಕಿ ಪೂರ್ತಿ ಆಯುಷ್ಯ ಬಾಳುತ್ತವೆ. ಚಿಕಿತ್ಸೆ ಇಲ್ಲದಿದ್ದರೆ ಹೆಚ್ಚಿನವು ಸಾಯುತ್ತವೆ. ಗಂಡು ಬೆಕ್ಕಿನ ಮೂತ್ರ ಕಟ್ಟುವುದು, ದೊಡ್ಡ ನಾಯಿಯ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವುದು, ಪಯೋಮೆಟ್ರಾ, ಇವೆಲ್ಲ ಇದೇ ಬಗೆಯವು. ಇಲ್ಲಿ ಗಂಟೆಗಳು ಮುಖ್ಯ. ನೀವು ಬರೆದಿಟ್ಟ ಎರಡನೆಯ ಮೊತ್ತ ಇರುವುದೇ ಇಂಥ ಸಂದರ್ಭಕ್ಕಾಗಿ, ಆದ್ದರಿಂದ ಹಿಂಜರಿಯದೆ ಬಳಸಿ.

ಮೂತ್ರಪಿಂಡದ ದೀರ್ಘ ಕಾಯಿಲೆ, ಹೃದ್ರೋಗ, ಮಧುಮೇಹ ಇವು ಬೇರೆ ಜಾತಿಯವು. ಮೂತ್ರಪಿಂಡಗಳು ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ ಏರಿದೆ ಎಂದು ಗೊತ್ತಾಗುವ ಹೊತ್ತಿಗೆ ಮೂತ್ರಪಿಂಡಗಳ ಕೆಲಸದ ಸುಮಾರು ಮುಕ್ಕಾಲು ಪಾಲು ನಷ್ಟವಾಗಿರುತ್ತದೆ, ಹೋದದ್ದು ಮರಳಿ ಬರುವುದಿಲ್ಲ. ಡ್ರಿಪ್ ಹಾಕಿದಾಗ ನಾಯಿ ಎದ್ದು ಬಾಲ ಅಲ್ಲಾಡಿಸುವುದನ್ನು ಕಂಡು ನಾವು ಗುಣವಾಯಿತೆಂದು ತಿಳಿಯುತ್ತೇವೆ. ಕೆಂಚನ ವಿಷಯದಲ್ಲಿ ನಾನು ಮೋಸಹೋದದ್ದು ಅಲ್ಲಿಯೇ. ಇಂಥ ಕಾಯಿಲೆಗಳಲ್ಲಿ ಒಟ್ಟು ಎಷ್ಟು ಎಂದು ಕೇಳುವುದಕ್ಕಿಂತ ತಿಂಗಳಿಗೆ ಎಷ್ಟು, ಎಷ್ಟು ತಿಂಗಳು ಎಂದು ಕೇಳಬೇಕು. ಮೊದಲ ವಾರದಲ್ಲೇ ಕೂಡಿಟ್ಟದ್ದನ್ನೆಲ್ಲ ಸುರಿದು, ಎರಡನೆಯ ತಿಂಗಳ ಔಷಧಕ್ಕೆ ಹಣವಿಲ್ಲದಂತೆ ಆಗುವುದಕ್ಕಿಂತ, ಪಥ್ಯದ ಆಹಾರ, ದಿನದ ಮಾತ್ರೆ, ಚರ್ಮದಡಿಗೆ ಸಲೈನ್ ಕೊಡುವುದನ್ನು ವೈದ್ಯರಿಂದ ಕಲಿತು ಮನೆಯಲ್ಲೇ ಮಾಡುವುದು, ಹೀಗೆ ಬಹುಕಾಲ ನಡೆಸಬಹುದಾದ ಕ್ರಮವನ್ನು ಆರಿಸಿಕೊಳ್ಳುವುದು ಪ್ರಾಣಿಗೂ ಹಿತ. ಹರಡಿಬಿಟ್ಟ ಕ್ಯಾನ್ಸರ್‌ನಂತಹ ಕಾಯಿಲೆಗಳಲ್ಲಿ ಮೊದಲು ಹಣ ಹೋಗಬೇಕಾದದ್ದು ನೋವು ಕಡಿಮೆ ಮಾಡುವುದಕ್ಕೆ. ಅದಕ್ಕೆ ಮೀರಿದ ಚಿಕಿತ್ಸೆಯನ್ನು ಬೇಡವೆಂದರೆ ಅದು ಪ್ರೀತಿಯ ಕೊರತೆಯಲ್ಲ.

ವೈದ್ಯರ ಮುಂದೆ ಹಣದ ಮಾತೆತ್ತಲು ನಾಚಬೇಡಿ. 'ಡಾಕ್ಟರೇ, ನಮ್ಮ ಕೈಯಲ್ಲಿ ಇಷ್ಟಿದೆ, ಇಷ್ಟರೊಳಗೆ ಇದಕ್ಕೆ ಅತ್ಯುತ್ತಮವಾದದ್ದು ಏನು ಮಾಡಬಹುದು' ಎಂದು ಮೊದಲೇ ನೇರವಾಗಿ ಹೇಳಿದರೆ, ಒಂದೇ ಕಾಯಿಲೆಗೆ ಇರುವ ಎರಡು ಮೂರು ದಾರಿಗಳನ್ನು ಅವರು ತೆರೆದಿಡಲು ಅನುಕೂಲವಾಗುತ್ತದೆ. ಒಳರೋಗಿಯಾಗಿ ಸೇರಿಸುವ ಬದಲು ಬೆಳಗ್ಗೆ ಕರೆತಂದು ಡ್ರಿಪ್ ಹಾಕಿಸಿ ಸಂಜೆ ಒಯ್ಯುವುದು, ಎಲ್ಲ ಪರೀಕ್ಷೆಗಳನ್ನೂ ಒಟ್ಟಿಗೆ ಮಾಡಿಸದೆ ಮುಖ್ಯವಾದದ್ದರಿಂದ ಆರಂಭಿಸುವುದು, ಇವು ಅಂಥ ದಾರಿಗಳು. ಪ್ರತಿ ಪರೀಕ್ಷೆಯ ಮುಂಚೆಯೂ ಇದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ ಎಂದು ಕೇಳಿ. ಏನೇ ಬಂದರೂ ಕೊಡುವ ಔಷಧ ಅದೇ ಆಗಿದ್ದರೆ ಸದ್ಯಕ್ಕೆ ಬಿಡಬಹುದು. ಅಂದಾಜು ಪಟ್ಟಿಯನ್ನು ಒಂದು ದಿನದ್ದಾಗಿ ಪಡೆಯದೆ ಪೂರ್ಣ ಚಿಕಿತ್ಸೆಯದಾಗಿ ಬರೆಸಿಕೊಳ್ಳಿ. ಎರಡು ದಿನಗಳೊಳಗೆ ಯಾವ ಸುಧಾರಣೆ ಕಾಣಬೇಕು, ಕಾಣದಿದ್ದರೆ ಮುಂದೇನು ಎಂಬುದನ್ನು ಆರಂಭದಲ್ಲೇ ಮಾತಾಡಿಕೊಳ್ಳಿ, ಏಕೆಂದರೆ ಒಮ್ಮೆ ಹಣ ಹಾಕಿದ ಮೇಲೆ ಇಷ್ಟು ಹಾಕಿದ್ದೇವಲ್ಲ, ಇನ್ನಷ್ಟು ಹಾಕೋಣ ಎನ್ನುವ ಸೆಳೆತ ಬಲವಾದದ್ದು.

ಎಲ್ಲಿಗೆ ಒಯ್ಯುತ್ತೇವೆ ಎಂಬುದೂ ಖರ್ಚನ್ನು ನಿರ್ಧರಿಸುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಬೀದರ್, ಶಿವಮೊಗ್ಗ, ಹಾಸನ, ಗದಗಗಳಲ್ಲೂ ಪಶುವೈದ್ಯಕೀಯ ಕಾಲೇಜುಗಳಿವೆ. ಬೋಧನಾ ಆಸ್ಪತ್ರೆಗಳಲ್ಲಿ ಶುಲ್ಕ ಸಾಮಾನ್ಯವಾಗಿ ಖಾಸಗಿ ಆಸ್ಪತ್ರೆಗಳಿಗಿಂತ ಬಹಳ ಕಡಿಮೆ, ತಜ್ಞರೂ ಇರುತ್ತಾರೆ; ಬೆಳಗ್ಗೆ ಬೇಗ ಹೋಗಿ ಸರದಿಯಲ್ಲಿ ಕಾಯುವ ತಾಳ್ಮೆ ಬೇಕು. ತಾಲ್ಲೂಕುಗಳ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಲಸಿಕೆ, ಗಾಯ, ಸಾಮಾನ್ಯ ಜ್ವರಗಳಿಗೆ ಚಿಕಿತ್ಸೆ ಸಿಗುತ್ತದೆ. 1962 ಸಂಖ್ಯೆಗೆ ಕರೆ ಮಾಡಿದರೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನ ಮುಖ್ಯವಾಗಿ ಹಳ್ಳಿಗಳ ದನಕರುಗಳಿಗಾಗಿ ಇರುವುದು. ನಿಮ್ಮ ಮನೆಗೆ ಹತ್ತಿರವಿರುವ ಆಸ್ಪತ್ರೆಗಳಲ್ಲಿ ರಾತ್ರಿ ಬಾಗಿಲು ತೆರೆದಿರುವುದು ಯಾವುದು, ಹಗಲಿನ ಮತ್ತು ರಾತ್ರಿಯ ಶುಲ್ಕ ಎಷ್ಟೆಷ್ಟು ಎಂಬುದನ್ನು ಈ ವಾರವೇ ವಿಚಾರಿಸಿ, ಮೊತ್ತಗಳನ್ನು ಬರೆದ ಅದೇ ಪುಟದಲ್ಲಿ ಬರೆದಿಡಿ.

ಚಿಕಿತ್ಸೆ ನಡೆಯುತ್ತಿರುವಾಗ ಪ್ರಾಣಿಯ ದಿನಗಳನ್ನು ಅಳೆಯಲು ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೊಬೊಸ್ ರೂಪಿಸಿದ ಕ್ರಮ ಉಪಯುಕ್ತ. ನೋವು ಹತೋಟಿಯಲ್ಲಿದೆಯೇ, ಊಟ ಸೇರುತ್ತಿದೆಯೇ, ಮೈಯಲ್ಲಿ ನೀರಿನಂಶ ಇದೆಯೇ, ಮೈ ಶುಚಿಯಾಗಿದೆಯೇ, ಸಂತೋಷದ ಲಕ್ಷಣ ಕಾಣುತ್ತದೆಯೇ, ಓಡಾಡಲು ಆಗುತ್ತದೆಯೇ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬ ಏಳು ಪ್ರಶ್ನೆಗಳಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಬೇಕು. ಒಟ್ಟು 35ಕ್ಕಿಂತ ಹೆಚ್ಚಿದ್ದರೆ ಆರೈಕೆ ಮುಂದುವರಿಸುವುದಕ್ಕೆ ಅರ್ಥವಿದೆ ಎಂದು ಅವರು ಹೇಳುತ್ತಾರೆ. ಮನೆಯಲ್ಲಿ ಪ್ರಾಣಿಯ ಜೊತೆ ಹೆಚ್ಚು ಹೊತ್ತು ಇರುವವರು, ಬಹುಪಾಲು ಮನೆಗಳಲ್ಲಿ ಅಜ್ಜಿಯೋ ತಾಯಿಯೋ, ಈ ಅಂಕ ಕೊಡಲಿ. ಹಣ ಕಟ್ಟುವವರು ಕೊಡುವುದು ಬೇಡ. ನಾಲ್ಕೈದು ದಿನಗಳ ಅಂಕಗಳನ್ನು ಸಾಲಾಗಿ ನೋಡಿದಾಗ ಇಳಿಜಾರು ಕಣ್ಣಿಗೆ ಕಾಣುತ್ತದೆ.

ಖರ್ಚು ಭರಿಸಲಾಗದೆಂದು ಪ್ರಾಣಿಯನ್ನು ದೂರದ ಬೀದಿಯಲ್ಲೋ ದೇವಸ್ಥಾನದ ಬಳಿಯೋ ಬಿಟ್ಟುಬರುವುದು ಮಾತ್ರ ಯಾವ ಲೆಕ್ಕಕ್ಕೂ ಸಲ್ಲದು. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ ಹೌದು. ಗುಣವಾಗುವ ದಾರಿಯೇ ಇಲ್ಲದೆ ನರಳಾಟ ಮಾತ್ರ ಉಳಿದಾಗ ದಯಾಮರಣದ ಬಗ್ಗೆ ವೈದ್ಯರೊಡನೆ ಮಾತಾಡಬೇಕು. ಮೊದಲು ಮಂಪರು ಬರಿಸುವ ಚುಚ್ಚುಮದ್ದು ಕೊಟ್ಟು, ಆಮೇಲೆ ರಕ್ತನಾಳದ ಮೂಲಕ ಅರಿವಳಿಕೆ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತಾರೆ. ಪ್ರಾಣಿ ನಿದ್ದೆಯಲ್ಲೇ ಹೋಗುತ್ತದೆ. ವೈದ್ಯರು ಮನೆಗೆ ಬರಲು ಒಪ್ಪಿದರೆ ಅದಕ್ಕಾಗುವ ಹೆಚ್ಚುವರಿ ಹಣವನ್ನು ಕೊಡಿ, ಅದು ನಿಜವಾಗಿಯೂ ಪ್ರಾಣಿಗೆ ತಲುಪುವ ಹಣ. ಮಣ್ಣುಮಾಡಲು ಸ್ಥಳವಿದೆಯೇ, ಇಲ್ಲದಿದ್ದರೆ ದಹನಕ್ಕೆ ಎಲ್ಲಿಗೆ ಒಯ್ಯಬೇಕು, ಎಷ್ಟಾಗುತ್ತದೆ ಎಂಬುದನ್ನು ಹಿಂದಿನ ದಿನವೇ ವಿಚಾರಿಸಿಟ್ಟುಕೊಳ್ಳಿ. ಆಸ್ಪತ್ರೆಯಲ್ಲೇ ಮಾಡಿಸುವುದಾದರೆ ಬಿಲ್ಲನ್ನು ಒಳಗೆ ಹೋಗುವ ಮೊದಲೇ ಕಟ್ಟಿಬಿಡಿ, ಎಲ್ಲ ಮುಗಿದ ಮೇಲೆ ಖಾಲಿ ಕೊರಳಪಟ್ಟಿ ಹಿಡಿದು ಮತ್ತೆ ಆ ಕೌಂಟರಿನ ಮುಂದೆ ನಿಲ್ಲಬೇಕಾಗುವುದಿಲ್ಲ.