ಜ್ವಾಲೆಯದು ಒಂದು ಲೆಕ್ಕ, ಬಿರುಗಾಳಿಯದು ಇನ್ನೊಂದು

ಸೂರ್ಯನ ಮೇಲೆ ಕಣ್ಣಿಡಲು ಟೆಲಿಸ್ಕೋಪೇ ಬೇಕೆಂದಿಲ್ಲ. ಧಾರವಾಡದ ನಮ್ಮ ಮನೆಯ ತಾರಸಿಯಲ್ಲಿ ಇರುವುದು ಒಂದು ಮರದ ಚೌಕಟ್ಟು, ಅದಕ್ಕೆ ಸುತ್ತಿದ ತಾಮ್ರದ ತಂತಿ. ತಂತಿ ಸಿಕ್ಕಿದ್ದು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ. ಅದರ ತುದಿಗಳು ಚಿಕ್ಕದೊಂದು ಆಂಪ್ಲಿಫೈಯರ್ ದಾಟಿ ಕಂಪ್ಯೂಟರಿನ ಸೌಂಡ್ ಕಾರ್ಡಿಗೆ ಹೋಗುತ್ತವೆ.

ಆಸ್ಟ್ರೇಲಿಯಾದ ನಾರ್ತ್ ವೆಸ್ಟ್ ಕೇಪ್‌ನಿಂದ ಜಲಾಂತರ್ಗಾಮಿಗಳಿಗೆ 19.8 ಕಿಲೋಹರ್ಟ್ಸ್‌ನಲ್ಲಿ ಸಂದೇಶ ಹೋಗುತ್ತದಲ್ವಾ, ನಾನು ಅಳೆಯುವುದು ಅದರ ಬಲವನ್ನು. ತಿರುನೆಲ್ವೇಲಿ ಬಳಿಯ ನಮ್ಮ ನೌಕಾಪಡೆಯ ಕಟ್ಟಬೊಮ್ಮನ್ ಕೇಂದ್ರದ 18.2 ಕೂಡ ಸಿಗುತ್ತದೆ. ಈ ಅಲೆಗಳು ನೆಲಕ್ಕೂ ಅಯಾನುಗೋಳದ (ವಾತಾವರಣದ ಮೇಲ್ಭಾಗದಲ್ಲಿ ವಿದ್ಯುತ್ ಕಣಗಳಿರುವ ವಲಯ) ಕೆಳಪದರಕ್ಕೂ ನಡುವೆ ಸಾಗುತ್ತವೆ. ಸೌರಜ್ವಾಲೆ, ಅಂದರೆ ಸೂರ್ಯನ ಮೇಲಿನ ದಿಢೀರ್ ಸ್ಫೋಟ, ಎದ್ದರೆ ಅದರ ಎಕ್ಸ್-ರೇ ಎಂಟು ನಿಮಿಷ ಚಿಲ್ಲರೆಯಲ್ಲಿ ಇಲ್ಲಿಗೆ ಬಂದು ಆ ಪದರವನ್ನು ಬದಲಿಸುತ್ತದೆ. ಗ್ರಾಫ್ ಚಕ್ಕನೆ ಏರಿ, ನಿಧಾನಕ್ಕೆ ಇಳಿಯುತ್ತದೆ. ಇದೆಲ್ಲ ಹಗಲಿಗಷ್ಟೇ, ರಾತ್ರಿಯ ಜ್ವಾಲೆ ನಮಗೆ ಕಾಣದು.

ಜಾಸ್ತಿ ಕಾಟ ಕೊಡುವುದು ಮನೆಯ ಸಾಮಾನೇ. ಎಲ್‌ಇಡಿ ಬಲ್ಬು, ಯುಪಿಎಸ್, ಮೊಬೈಲ್ ಚಾರ್ಜರ್. ಒಂದೊಂದನ್ನೇ ಆರಿಸುತ್ತಾ ಹೋದರೆ ಕಳ್ಳ ಗ್ರಾಫ್‌ನಲ್ಲೇ ಸಿಕ್ಕಿಬೀಳುತ್ತಾನೆ. ಚೌಕಟ್ಟಿನ ಅಂಚನ್ನು ಆಗ್ನೇಯಕ್ಕೆ ತಿರುಗಿಸಿದಾಗ ಆಸ್ಟ್ರೇಲಿಯಾ ಚೆನ್ನಾಗಿ ಕೇಳುತ್ತದೆ. ಆಮೇಲೆ ಸುಮ್ನೆ ಕೆಲವು ವಾರ ಓಡಲು ಬಿಡಬೇಕು. ಸೂರ್ಯ ಹುಟ್ಟುವಾಗ, ಮುಳುಗುವಾಗ ಗೆರೆ ಹೇಗೆ ಬೀಳುತ್ತದೆ ಎಂದು ಕಣ್ಣಿಗೆ ರೂಢಿಯಾದ ಮೇಲೆಯೇ ಜ್ವಾಲೆಯ ಗುರುತು ಹಿಡಿಯಲು ಬರುವುದು.

2024ರ ಮೇ 10ರ ಮಧ್ಯಾಹ್ನ 12:24ಕ್ಕೆ ಎಕ್ಸ್ 3.9 ದರ್ಜೆಯ ಜ್ವಾಲೆ (ಎಕ್ಸ್ ಎಂದರೆ ಅತಿ ಪ್ರಬಲ ವರ್ಗ) ತುತ್ತತುದಿ ಮುಟ್ಟಿತು. ನನ್ನ ಗೆರೆಯೂ ಎದ್ದಿತು. ಅದೇ ರಾತ್ರಿ ಹತ್ತೂವರೆಯ ಹೊತ್ತಿಗೆ ಭೂಕಾಂತ ಬಿರುಗಾಳಿ, ಅಂದರೆ ಭೂಮಿಯ ಕಾಂತಕ್ಷೇತ್ರದ ಅಲ್ಲೋಲಕಲ್ಲೋಲ, ಅಪ್ಪಳಿಸಿತು. 2003ರ ಅಕ್ಟೋಬರ್ ನಂತರದ ಮೊದಲ ಜಿ5, ಅಂದರೆ ಬಿರುಗಾಳಿಗಳ ಅತ್ಯುನ್ನತ ಮಟ್ಟ. ಲಡಾಖಿನ ಹಾನ್ಲೆಯ ಆಕಾಶವೂ ಕೆಂಪಾಯಿತು. ಮಧ್ಯಾಹ್ನದ ಜ್ವಾಲೆಯಿಂದಲೇ ರಾತ್ರಿಯ ಬಿರುಗಾಳಿ ಎಂದು ಬಹಳ ಜನ ಹೇಳಿದರು. ಹಾಗಲ್ಲ. ಆ ಬಿರುಗಾಳಿ ತಂದ ಪ್ಲಾಸ್ಮಾ (ವಿದ್ಯುತ್ ಕಣಗಳ ಬಿಸಿ ಅನಿಲ) ಮೋಡಗಳು 3664 ನಂಬರಿನ ಸೌರಕಲೆಯಿಂದ ಮೇ 8, 9ರಂದೇ ಹೊರಟಿದ್ದವು. ಜ್ವಾಲೆ ಬೆಳಕಿನ ಜೊತೆ ಬರುತ್ತದೆ, ಮೋಡಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು.

ಮೋಡ ಬರುತ್ತದೆ ಎಂದು ಮುಂಚೆಯೇ ಹೇಳಬಹುದು. ಎಷ್ಟು ಜೋರು ಎಂಬುದು ಮಾತ್ರ ಕೊನೇ ಗಳಿಗೆಯವರೆಗೂ ಗಟ್ಟಿಯಾಗುವುದಿಲ್ಲ. ಯಾಕೆಂದರೆ ಅದು ಮೋಡ ಹೊತ್ತು ತರುವ ಕಾಂತಕ್ಷೇತ್ರದ ದಿಕ್ಕಿನ ಮೇಲೆ ನಿಂತಿದೆ. ಆ ಕ್ಷೇತ್ರದ ಉತ್ತರ-ದಕ್ಷಿಣ ಭಾಗವನ್ನು ಹೇಳುವ ಬಿಝಡ್ (Bz) ಎನ್ನುವ ಅಂಕಿ ದಕ್ಷಿಣಕ್ಕೆ, ಅಂದರೆ ಮೈನಸ್ಸಿಗೆ, ಇಳಿದು ಅಲ್ಲೇ ನಿಂತರೆ ಭೂಮಿಯ ಕಾಂತ ಕವಚದ ಬಾಗಿಲು ತೆರೆದ ಹಾಗೆ. ಅದನ್ನು ಅಳೆಯುವ ಉಪಗ್ರಹಗಳು ಇರುವುದು ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ಆಚೆ, ನಮ್ಮ ಆದಿತ್ಯ-ಎಲ್1 ಇರುವ ಎಲ್1 ಬಿಂದುವಿನ ಸುತ್ತ. ಸೆಕೆಂಡಿಗೆ 700 ಕಿಲೋಮೀಟರ್ ವೇಗದ ಸೌರಮಾರುತ ಅಲ್ಲಿಂದ ಇಲ್ಲಿಗೆ ಬರಲು 36 ನಿಮಿಷ ಸಾಕು.

ಬಿರುಗಾಳಿ ಎದ್ದರೆ ದೂರದ ರೇಡಿಯೋ ಸಂಪರ್ಕವೂ ಕೆಡುತ್ತದೆ. ಹಾಗಾಗಿ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರು "ನಾಳೆ ಯುರೋಪ್ ಸಿಗುತ್ತಾ?" ಎಂದಾಗ ನಾನು ಹಿಂದಿನ ದಿನ "ಬಿರುಗಾಳಿ ಬರಬಹುದು" ಎಂದಷ್ಟೇ ಹೇಳುತ್ತೇನೆ. "ಕಷ್ಟ, ಇವತ್ತು ಬಿಡಿ" ಎನ್ನುವುದು ಬಿಝಡ್ ಮೈನಸ್ಸಿನಲ್ಲಿ ನಿಂತದ್ದನ್ನು ನೋಡಿದ ಮೇಲೆ ಮಾತ್ರ.